ಧ್ವನಿಸುರುಳಿಯಿಂದ ಕಂಪ್ಯೂಟರಿಗೆ: ಕಂಠಗಳನ್ನು ಉಳಿಸಿದ ಚರಿತ್ರೆ

ಯಮಾಮ ಯುದ್ಧದಲ್ಲಿ ಪವಿತ್ರ ಕುರ್‌ಆನನ್ನು ಕಂಠಪಾಠ ಮಾಡಿದ್ದ ಅನೇಕರು ಹುತಾತ್ಮರಾದಾಗ ಹಝ್ರತ್ ಉಮರ್(ರ)ರಿಗೆ ಚಿಂತೆ ಹತ್ತಿತು. ಅವರ ಸಲಹೆಯಂತೆ ಖಲೀಫ ಹಝ್ರತ್ ಅಬೂಬಕರ್(ರ)ರು, ಚದುರಿದ್ದ ಬರಹಗಳನ್ನೂ ಜನರ ನೆನಪನ್ನೂ ಹೋಲಿಸಿ ಒಂದೆಡೆ ಸಂಗ್ರಹಿಸುವ ಹೊಣೆಯನ್ನು ಝೈದ್ ಬಿನ್ ಸಾಬಿತ್(ರ)ರಿಗೆ ವಹಿಸಿದರು. ಇದು ನಮ್ಮ ಮದ್ರಸದ ಮಕ್ಕಳಿಗೂ ಗೊತ್ತಿರುವ ಚರಿತ್ರೆ. ಅದೇ ಚಿಂತೆ 20ನೇ ಶತಮಾನದ ಕೈರೋದಲ್ಲಿ ಧ್ವನಿಯ ಕುರಿತಾಗಿ ಮತ್ತೆ ತಲೆಯೆತ್ತಿದ ಸಂಗತಿ ನಮ್ಮಲ್ಲಿ ಅಷ್ಟು ಪರಿಚಿತವಲ್ಲ.

1934ರಲ್ಲಿ ಈಜಿಪ್ಟಿನ ಬಾನುಲಿ ಪ್ರಸಾರ ಆರಂಭವಾದದ್ದು ಶೈಖ್ ಮುಹಮ್ಮದ್ ರಿಫ್‌ಅತ್‌ರ ಪಾರಾಯಣದಿಂದ. 1950ರಲ್ಲಿ ಅವರು ನಿಧನರಾದಾಗ, ಲಕ್ಷಾಂತರ ಜನ ಕಿವಿಗೊಟ್ಟಿದ್ದ ಆ ಕಂಠದ ಮುದ್ರಣಗಳು ಉಳಿದದ್ದು ತೀರಾ ಕಡಿಮೆ. ಅಕ್ಷರವು ಪದವನ್ನು ಉಳಿಸುತ್ತದೆ. ಉಚ್ಚಾರದ ನೆಲೆ, ದೀರ್ಘದ ಅಳತೆ, ನಿಲುಗಡೆಗಳನ್ನು ಗುರುವಿನ ಬಾಯಿಂದಲೇ ಕಲಿಯಬೇಕು. ಇದನ್ನರಿತ ವಿದ್ವಾಂಸ ಲಬೀಬ್ ಅಸ್ಸಈದರು 1959ರಲ್ಲಿ ಇಡೀ ಕುರ್‌ಆನನ್ನು ಧ್ವನಿಮುದ್ರಿಸುವ ಯೋಜನೆಯನ್ನು ಮುಂದಿಟ್ಟರು. 1961ರಲ್ಲಿ ಶೈಖ್ ಮಹ್ಮೂದ್ ಖಲೀಲ್ ಅಲ್‌ಹುಸರಿಯವರ ಕಂಠದಲ್ಲಿ, ಹಫ್ಸ್ ರಿವಾಯತ್‌ನ ಸಂಪೂರ್ಣ ಪಾರಾಯಣ ಹೊರಬಂತು. 1964ರಲ್ಲಿ ಕೈರೋದಲ್ಲಿ ಕುರ್‌ಆನಿಗೆಂದೇ ಮೀಸಲಾದ ಬಾನುಲಿ ಕೇಂದ್ರವೂ ಆರಂಭವಾಯಿತು.

ಅಷ್ಟರಲ್ಲಿ ದೀರ್ಘ ಧ್ವನಿಮುದ್ರಣಕ್ಕೆ ತಕ್ಕ ಸಾಧನ ಜಗತ್ತಿಗೆ ದೊರೆತಿತ್ತು. 1928ರಲ್ಲಿ ಜರ್ಮನಿಯಲ್ಲಿ ಫ್ರಿಟ್ಸ್ ಫ್ಲಾಯ್ಮರ್ ಎಂಬಾತ ಕಾಗದದ ಪಟ್ಟಿಗೆ ಕಬ್ಬಿಣದ ಆಕ್ಸೈಡಿನ ಪುಡಿಯನ್ನು ಲೇಪಿಸಿ ಶಬ್ದವನ್ನು ಕಾಂತಶಕ್ತಿಯಾಗಿ ಹಿಡಿದಿಟ್ಟಿದ್ದ. 1963ರಲ್ಲಿ ಫಿಲಿಪ್ಸ್ ಸಂಸ್ಥೆ ಬರ್ಲಿನ್ನಿನಲ್ಲಿ ಪುಟ್ಟ ಕ್ಯಾಸೆಟ್ಟನ್ನು ಪರಿಚಯಿಸಿತು. ಅದರೊಳಗಿನ ಟೇಪಿನ ಅಗಲ ನಾಲ್ಕು ಮಿಲಿಮೀಟರಿಗೂ ಕಡಿಮೆ. ಓಟ ಸೆಕೆಂಡಿಗೆ 4.76 ಸೆಂಟಿಮೀಟರ್.

ಆ ಅಗ್ಗದ ಪೆಟ್ಟಿಗೆ ನಮ್ಮ ಮನೆಗಳಿಗೂ ಬಂತು. ಕೊಲ್ಲಿ ರಾಷ್ಟ್ರಗಳಿಗೆ ದುಡಿಯಲು ಹೋದ ಕರಾವಳಿಯವರು ಕಾಗದದ ಬದಲು ಕ್ಯಾಸೆಟ್ಟಿನಲ್ಲಿ ಮಾತು ತುಂಬಿ ಕಳುಹಿಸುತ್ತಿದ್ದರು. ಊರಿನ ಉಸ್ತಾದರ ಪ್ರವಚನವನ್ನು ಯಾರೋ ಮುದ್ರಿಸಿಕೊಳ್ಳುತ್ತಿದ್ದರು. ಹುಸರಿಯವರ ಪಾರಾಯಣ ಇಂದು ಎಲ್ಲೆಡೆ ಸಿಗುತ್ತದೆ. ನಮ್ಮ ಉಸ್ತಾದರ ಪ್ರವಚನ, ತೀರಿಹೋದ ಅಜ್ಜಿಯ ಧ್ವನಿ ಸಿಗುವುದು ಕಪಾಟಿನಲ್ಲಿರುವ ಆ ಒಂದೇ ಕ್ಯಾಸೆಟ್ಟಿನಲ್ಲಿ. ಬೂಷ್ಟು, ಬಿಸಿ, ತೇವ ಅದನ್ನು ತಿನ್ನುತ್ತಿವೆ. ನುಡಿಸಬಲ್ಲ ಯಂತ್ರಗಳೂ ಅವನ್ನು ರಿಪೇರಿ ಮಾಡಬಲ್ಲವರೂ ವಿರಳವಾಗುತ್ತಿದ್ದಾರೆ.

ಟೇಪಿನಲ್ಲಿ ಶಬ್ದವು ಎಡೆಬಿಡದ ಅಲೆಯಾಗಿದೆ. ಕಂಪ್ಯೂಟರ್ ಆ ಅಲೆಯ ಎತ್ತರವನ್ನು ಸೆಕೆಂಡಿಗೆ ಸಾವಿರಾರು ಬಾರಿ ಅಳೆದು ಅಂಕಿಗಳಲ್ಲಿ ಬರೆದುಕೊಳ್ಳುತ್ತದೆ. ಮನುಷ್ಯನ ಕಿವಿ ಹೆಚ್ಚೆಂದರೆ ಸೆಕೆಂಡಿಗೆ 20,000 ಕಂಪನಗಳನ್ನು ಕೇಳಬಲ್ಲುದು. ಅಳತೆ ಅದರ ಎರಡು ಪಟ್ಟಿಗಿಂತ ಹೆಚ್ಚಿರಬೇಕು. ಹಾಗಾಗಿಯೇ 1982ರಲ್ಲಿ ಬಂದ ಸಿಡಿಯ ಲೆಕ್ಕ 44,100. ಇಂದಿನ ಧ್ವನಿ ಸಂಗ್ರಹಾಲಯಗಳು 48,000ಕ್ಕಿಂತ ಕೆಳಗಿಳಿಯಬಾರದು, ಪ್ರತಿ ಅಳತೆಗೂ 24 ಬಿಟ್ ಇರಬೇಕು ಎನ್ನುತ್ತವೆ. ಈ ಲೆಕ್ಕದಲ್ಲಿ ಒಂದು ತಾಸಿನ ಸ್ಟೀರಿಯೊ ಮುದ್ರಣಕ್ಕೆ ಸುಮಾರು 1 ಜಿಬಿ ಜಾಗ ಸಾಕು.

ಕೆಲಸಕ್ಕೆ ಕೈಹಾಕುವ ಮುನ್ನ ಕ್ಯಾಸೆಟ್ಟಿನ ಮೇಲಂಚಿನ ಎರಡು ಪುಟ್ಟ ಪ್ಲಾಸ್ಟಿಕ್ ತುಂಡುಗಳನ್ನು ಮುರಿಯಬೇಕು. ಆಗ ತಪ್ಪಿ ರೆಕಾರ್ಡ್ ಗುಂಡಿ ಒತ್ತಿದರೂ ಹಳೆಯ ಧ್ವನಿ ಅಳಿಯದು. ಯಂತ್ರದ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ ಒಣಗಿಸಬೇಕು. ಬಳಿಕ ಟೇಪ್ ಡೆಕ್ಕಿನ ಲೈನ್ ಔಟ್‌ನಿಂದ ಕಂಪ್ಯೂಟರಿನ ಲೈನ್ ಇನ್‌ಗೆ ತಂತಿ ಜೋಡಿಸಬೇಕು. ಲ್ಯಾಪ್‌ಟಾಪ್‌ಗಳಲ್ಲಿ ಹೆಚ್ಚಾಗಿ ಮೈಕಿನ ರಂಧ್ರ ಮಾತ್ರ ಇರುತ್ತದೆ. ಮೈಕಿನ ಕ್ಷೀಣ ಸಂಕೇತಕ್ಕಾಗಿ ರೂಪಿಸಿದ ಆ ದಾರಿಯಲ್ಲಿ ಡೆಕ್ಕಿನ ಪ್ರಬಲ ಸಂಕೇತ ನುಗ್ಗಿದರೆ ಧ್ವನಿ ಒಡೆದು ಕರ್ಕಶವಾಗುತ್ತದೆ. ಲೈನ್ ಇನ್ ಇರುವ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ ಕೊಳ್ಳುವುದೇ ಒಳಿತು. ಮುದ್ರಣಕ್ಕೆ ಉಚಿತವಾಗಿ ದೊರೆಯುವ ಅಡಾಸಿಟಿ ಸಾಕು. ಧ್ವನಿಯ ಮಟ್ಟ ಅತಿ ಏರಿದ ಕ್ಷಣದಲ್ಲೂ ಸೊನ್ನೆಗಿಂತ 6 ಡೆಸಿಬಲ್‌ನಷ್ಟು ಕೆಳಗಿರಲಿ. ತೊಂಬತ್ತು ನಿಮಿಷದ ಕ್ಯಾಸೆಟ್ಟಿಗೆ ತೊಂಬತ್ತು ನಿಮಿಷ ಬೇಕೇ ಬೇಕು. ಇಲ್ಲಿ ಅವಸರಕ್ಕೆ ಎಡೆಯಿಲ್ಲ.

ಟೇಪಿನ ‘ಸ್ಸ್’ ಎಂಬ ಸದ್ದನ್ನು ಅಳಿಸಿಹಾಕುವ ಆಸೆ ಎಲ್ಲರಿಗೂ ಬರುತ್ತದೆ. ಪಾರಾಯಣದ ವಿಷಯದಲ್ಲಿ ನಾವು ಇದಕ್ಕೆ ಹಿಂಜರಿಯುತ್ತೇವೆ. ಸೀನ್, ಸ್ವಾದ್, ಸಾ ಅಕ್ಷರಗಳ ಸೂಕ್ಷ್ಮ ಉಸಿರು ಆ ಸದ್ದು ಇರುವ ಎತ್ತರದ ಕಂಪನಗಳಲ್ಲೇ ಇದೆ. ಯಂತ್ರಕ್ಕೆ ತಜ್‌ವೀದ್ ಗೊತ್ತಿಲ್ಲ. ಸದ್ದಿನ ಜೊತೆಗೆ ಅಕ್ಷರಗಳ ಅಂಚನ್ನೂ ಅದು ಸವೆಸುತ್ತದೆ. ಹೆಡ್ ಓರೆಯಾಗಿ ಕುಳಿತಿದ್ದರೂ ಮೊದಲು ಮಸುಕಾಗುವುದು ಇವೇ ಅಕ್ಷರಗಳು. ಆದುದರಿಂದ ಮೂಲ ಮುದ್ರಣವನ್ನು ವೇವ್ ಕಡತವಾಗಿ ಏನನ್ನೂ ತಿದ್ದದೆ ಎರಡು ಕಡೆ ಉಳಿಸಬೇಕು. ಹಂಚಲಿಕ್ಕೆ ಬೇಕಾದರೆ ಬೇರೊಂದು ಪ್ರತಿ ಮಾಡಿಕೊಂಡು ಅದನ್ನು ಹಗುರಗೊಳಿಸಬಹುದು.

ಸನದು ಇಲ್ಲದ ಹದೀಸನ್ನು ನಮ್ಮ ವಿದ್ವಾಂಸರು ಸ್ವೀಕರಿಸುತ್ತಿರಲಿಲ್ಲ. ಹೆಸರಿಲ್ಲದ ಕಡತವೂ ಹತ್ತು ವರ್ಷ ಕಳೆದರೆ ಯಾರದೋ ಧ್ವನಿ, ಯಾವುದೋ ಊರು. ಯಾರ ಕಂಠ, ಯಾವ ಮಸೀದಿ, ಯಾವ ವರ್ಷ, ಕ್ಯಾಸೆಟ್ ಯಾರ ಮನೆಯದು, ಪ್ರತಿ ಮಾಡಿದವರು ಯಾರು ಎಂಬುದನ್ನು ಕಡತದ ಜೊತೆಗೇ ಬರೆದಿಡಬೇಕು. ಕ್ಯಾಸೆಟ್ಟಿನ ಮೇಲೆ ಅರ್ಧ ಮಾಸಿದ ಬರಹವನ್ನು ಫೋಟೊ ತೆಗೆದಿಟ್ಟು, ಆ ಕೈಬರಹವನ್ನು ಗುರುತಿಸಬಲ್ಲ ಹಿರಿಯರಿಗೆ ಈ ರಜೆಯಲ್ಲೇ ತೋರಿಸಿ ಕೇಳಬಹುದು.