ಹಂಪಿಯ ತೇರಿನಲ್ಲಿ ಸುವಾರ್ತೆ

ದೇವರ ಪ್ರೇಮವೇ ಕ್ರೈಸ್ತಧರ್ಮದ ತಿರುಳೆಂಬುದು ಸುವಿದಿತ. ಆ ಪ್ರೇಮದ ವಾರ್ತೆಯನ್ನು ಅದನ್ನು ನಂಬದವನ ಮುಂದೆ ಇಡುವ ಬಗೆ ಹೇಗೆ? ಪ್ರಶ್ನೆ ಆ ಮತದವರಿಗೆ ಮಾತ್ರ ಸಂಬಂಧಿಸಿದ್ದೆಂದು ಮೇಲ್ನೋಟಕ್ಕೆ ತೋರಬಹುದು. ಆದರೆ ಆ ವಾರ್ತೆಯನ್ನು ಕೇಳಿಸಿಕೊಂಡವರಲ್ಲಿ ನಮ್ಮ ಹಿರಿಯರೂ ಇದ್ದರು. ಕೇಳಿಸಿದ ಎಡೆಗಳಲ್ಲಿ ವಿರೂಪಾಕ್ಷನ ರಥಬೀದಿಯೂ ಒಂದು. ಆದುದರಿಂದ ಕೇಳಿದವರ ಕಡೆಯಿಂದಲೂ ಒಂದೆರಡು ಮಾತು ಸಲ್ಲುತ್ತದೆ.

ಹಂಪಿಗೆ ಕ್ರೈಸ್ತ ಸಂನ್ಯಾಸಿಯೊಬ್ಬ ಬಂದದ್ದು ಬಹಳ ಹಿಂದೆ. 1510ರಲ್ಲಿ ಪೋರ್ಚುಗೀಸರ ಅಲ್ಬುಕರ್ಕನು ಫ್ರಾನ್ಸಿಸ್ಕನ್ ಪಂಥದ ಲೂಯಿಸನನ್ನು ಕೃಷ್ಣದೇವರಾಯನ ಬಳಿಗೆ ಕಳುಹಿಸಿದನು. ಆತ ಹೊತ್ತು ತಂದದ್ದು ರಾಜಕಾರ್ಯ, ಸಖ್ಯದ ಪ್ರಸ್ತಾಪ. ವಿಜಯನಗರದಲ್ಲಿಯೇ ಆತನ ಕೊಲೆಯಾಯಿತು. ಅದು ಸುವಾರ್ತೆಯ ಇತಿಹಾಸಕ್ಕಿಂತ ಹೆಚ್ಚಾಗಿ ರಾಯಭಾರದ ಇತಿಹಾಸಕ್ಕೆ ಸೇರಿದ್ದು.

ನಿಜವಾದ ಆರಂಭ ಮೂರು ಶತಮಾನಗಳ ತರುವಾಯದ್ದು. 1810ರಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ ಬಳ್ಳಾರಿಗೆ ಬಂದು ನೆಲೆಸಿದರು. ಈ ಸೀಮೆ ಕಂಪನಿ ಸರಕಾರದ ವಶವಾಗಿ ಆಗಿನ್ನೂ ಹತ್ತು ವರ್ಷ. ಹ್ಯಾಂಡ್ಸರೂ ಅವರನ್ನು ಕೂಡಿಕೊಂಡ ವಿಲಿಯಂ ರೀವರೂ ಕನ್ನಡ ಕಲಿತರು. ಇವರ ದುಡಿಮೆಯಿಂದ 1831ರ ವೇಳೆಗೆ ಇಡೀ ಬೈಬಲ್ ಕನ್ನಡಕ್ಕೆ ಬಂದಿತು. ಮರುವರ್ಷ ರೀವರ ಕನ್ನಡ–ಇಂಗ್ಲಿಷ್ ನಿಘಂಟು ಹೊರಬಿದ್ದಿತು.

ಬಳ್ಳಾರಿಯ ಪಾದ್ರಿಗಳು ಹಂಪಿಯ ಜಾತ್ರೆಗೆ ಹೋಗಿ ಕರಪತ್ರ ಹಂಚಿ ಉಪದೇಶ ಮಾಡುತ್ತಿದ್ದರು. ಚೈತ್ರದ ತೇರೆಂದರೆ ಹೊಸಪೇಟೆ, ಕಂಪ್ಲಿ, ಸಂಡೂರು ಸೀಮೆಯ ಜನವೆಲ್ಲ ಬಂದು ಕೂಡುವ ದಿನ. ಹರಿಗೋಲಿನಲ್ಲಿ ಹೊಳೆ ದಾಟಿ, ಹೊಳೆಯಲ್ಲಿ ಮಿಂದು, ಹಣ್ಣು ಜವನ ಎಸೆಯಲು ನಿಂತವನ ಕೈಗೆ, ನೀನು ಪೂಜಿಸುವುದು ಬರಿಯ ಕಲ್ಲೆಂದು ಸಾರುವ ಕಾಗದವೊಂದು ಬಂದರೆ ಅವನಿಗೆ ಏನೆನಿಸಿರಬೇಕು? ಒಳಗೆ ಎಲ್ಲಿಯೋ ದೇವರ ಪ್ರೀತಿಯ ಮಾತೂ ಇದ್ದೀತು. ಆದರೆ ಖಂಡನೆಯ ಹೊಸ್ತಿಲನ್ನು ದಾಟಿ ಅಲ್ಲಿಗೆ ಹೋಗುವವರು ಎಷ್ಟು ಜನ? ಅಂಗದ ಮೇಲೆ ಲಿಂಗ ಧರಿಸಿದವನಿಗಂತೂ ಸ್ಥಾವರಪೂಜೆಯ ಖಂಡನೆ ಹೊಸದಲ್ಲ. ಅದನ್ನು ಅವನ ಶರಣರೇ ಹೇಳಿದ್ದರು. ಎದುರಿಗಿರುವವನು ಯಾರು, ಅವನ ನಂಬಿಕೆ ಯಾವುದು ಎಂಬುದನ್ನು ಅರಿಯದೆ ಎಲ್ಲರಿಗೂ ಒಂದೇ ಕಾಗದ ಕೊಟ್ಟದ್ದು ಆ ಉಪದೇಶದ ಮೊದಲ ಕೊರತೆ.

ಇಷ್ಟು ಹೇಳಿ ನಾವು ಬೀಗುವಂತಿಲ್ಲ. ಅಬ್ಬಲೂರಿನ ಶಾಸನವನ್ನು ಓದಿದವರು ಏಕಾಂತದ ರಾಮಯ್ಯನ ವೃತ್ತಾಂತವನ್ನು ಬಲ್ಲರು. ತಲೆಯನ್ನು ಪಣವಿಟ್ಟು ವಾದ ಗೆದ್ದು ಜಿನಬಿಂಬವನ್ನು ಕೆಡಹಿದ ಸಂಗತಿಯನ್ನು ನಮ್ಮ ಪುರಾಣಗಳು ಹಿಗ್ಗಿನಿಂದ ಹಾಡುತ್ತವೆ. ಸೋತ ಜೈನನ ಎದೆಯಲ್ಲಿ ಶಿವಪ್ರೇಮ ಚಿಗುರಿತೇ ಎಂಬುದನ್ನು ಯಾವ ಪುರಾಣವೂ ಕೇಳುವುದಿಲ್ಲ.

ಬಳ್ಳಾರಿಯಲ್ಲಿಯೇ ಬೇರೊಂದು ಬಗೆಯ ಬೋಧಕನೂ ಇದ್ದನು. ಸ್ಯಾಮ್ಯುಯೆಲ್ ಫ್ಲೇವೆಲ್ ತಮಿಳನು. ಪೂರ್ವದ ಹೆಸರು ಶಂಕರಲಿಂಗ! 1847ರಲ್ಲಿ ತೀರಿಕೊಳ್ಳುವವರೆಗೆ ಅಲ್ಲಿಯ ಸಭೆಗೆ ಗುರುವಾಗಿದ್ದನು. ದೇವರಗುಡಿಯ ಗಂಟೆಯ ದನಿ ಏನೆಂಬುದು ಇಂಥವನಿಗೆ ಹೊರಗಿನಿಂದ ಕಲಿಯಬೇಕಾದ ವಿಷಯವಾಗಿರಲಿಲ್ಲ.

ಆತುರದ ಫಲವನ್ನು ಬಾಸೆಲ್ ಮಿಷನ್ನಿನವರು ಬೇರೆ ರೀತಿಯಲ್ಲಿ ಉಂಡರು. 1840ರ ಸುಮಾರಿಗೆ ಹುಬ್ಬಳ್ಳಿ–ಧಾರವಾಡ ಸೀಮೆಯಲ್ಲಿ ಕಾಲಜ್ಞಾನದ ನುಡಿಗಳನ್ನು ನಂಬಿ ಗುರುವೊಬ್ಬನ ಬರವನ್ನು ಕಾಯುತ್ತಿದ್ದ ಲಿಂಗಾಯತರ ಒಂದು ಪಂಗಡದವರು ಪಾದ್ರಿಗಳ ಬಳಿಗೆ ಬಂದರು. ಹರ್ಮನ್ ಮೋಗ್ಲಿಂಗರಿಗೆ ಊರೂರೇ ಕ್ರಿಸ್ತನ ಕಡೆ ತಿರುಗುವ ಕನಸು ಬಿದ್ದಿತು. ಗದಗಿನ ಹತ್ತಿರ ಮಲ್ಲಸಮುದ್ರದಲ್ಲಿ ಒಕ್ಕಲು ನೆಲೆಯೊಂದನ್ನು ಹೂಡಿದ್ದೂ ಆಯಿತು. ಬಂದವರು ಕಾದಿದ್ದುದು ತಮ್ಮ ಕಾಲಜ್ಞಾನದ ಗುರುವನ್ನು. ಇವರು ಕಂಡದ್ದು ತಮ್ಮ ಸಭೆಗೆ ಸೇರುವ ಒಕ್ಕಲನ್ನು. ಕನಸು ಕೈಗೂಡಲಿಲ್ಲ.

ಮೋಗ್ಲಿಂಗರ ದೊಡ್ಡತನ ಕಾಣುವುದು ಇದರ ಮುಂದೆ. 1843ರಲ್ಲಿ ಮಂಗಳೂರಿನಲ್ಲಿ ‘ಮಂಗಳೂರ ಸಮಾಚಾರ’ವನ್ನು ತೆಗೆದರು, ಮರುವರ್ಷ ಅದು ಬಳ್ಳಾರಿಯ ಅಚ್ಚುಕೂಟಕ್ಕೆ ಬಂದು ‘ಕನ್ನಡ ಸಮಾಚಾರ’ವಾಯಿತು. ಅನಂತರ, 1848ರಿಂದ 1853ರವರೆಗೆ ನಡೆದ ಅವರ ಗ್ರಂಥಮಾಲೆಯಲ್ಲಿ ಜೈಮಿನಿ ಭಾರತ, ದಾಸರ ಪದಗಳ ಜೊತೆಗೆ ಬಸವಪುರಾಣ, ಚನ್ನಬಸವಪುರಾಣಗಳೂ ಅಚ್ಚಾದವು. ತಾನು ಯಾರ ಮತವನ್ನು ತಿರುಗಿಸಬಯಸಿದ್ದನೋ ಅವರ ಪುರಾಣವನ್ನೇ ಅಚ್ಚು ಹಾಕಿಸಿದ ಪಾದ್ರಿಯ ಅಂತರಂಗ ವಿಚಾರಣೀಯವಾದುದು. ಮೋಗ್ಲಿಂಗರ ಸಹೋದ್ಯೋಗಿ ವ್ಯೂರ್ಥರು ಅವೇ ಎರಡು ಪುರಾಣಗಳನ್ನು ಇಂಗ್ಲಿಷಿಗೆ ತಂದು 1860ರ ದಶಕದಲ್ಲಿ ಮುಂಬಯಿಯ ವಿದ್ವತ್ಪತ್ರಿಕೆಯಲ್ಲಿ ಪ್ರಕಟಿಸಿದರು. ಎದುರಾಳಿಯ ದೌರ್ಬಲ್ಯವನ್ನು ತಿಳಿಯಲು ಓದಿದರೆಂದು ಕೆಲವರು ಹೇಳುವುದುಂಟು. ಹಾಗೆಯೇ ತೊಡಗಿದ್ದರೂ ಇರಬಹುದು. ಓದುತ್ತ ಓದುತ್ತ ಆ ಉದ್ದೇಶ ಹಾಗೆಯೇ ಉಳಿಯುತ್ತದೆಂದು ನನಗೆ ತೋರದು.

ಕಿಟೆಲರು ಇನ್ನೂ ಮುಂದೆ ಹೋದರು. 1862ರ ‘ಕಥಾಮಾಲೆ’ಯಲ್ಲಿ ಯೇಸುವಿನ ಜೀವನವನ್ನು ಈ ನೆಲದ ಛಂದಸ್ಸಿನಲ್ಲಿ ಹೇಳಿದರು. ಹಂಪಿಯ ಹರಿಹರನೂ ಶರಣರ ಬಾಳನ್ನು ವಾದದಿಂದ ಸಾಧಿಸಲಿಲ್ಲ. ರಗಳೆಯಲ್ಲಿ ಕಥೆಯಾಗಿ ಹರಿಸಿದನು. ಕಿಟೆಲರು ಹಿಡಿದ ದಾರಿ ಅದಕ್ಕೆ ಹತ್ತಿರದ್ದು. ಆದರೆ ಕ್ರಿಸ್ತನ ಬಲಿದಾನವನ್ನು ಯಜ್ಞದ ಕಲ್ಪನೆಯ ಮೂಲಕ ತಿಳಿಯಪಡಿಸಲು ಅವರು ಮಾಡಿದ ಪ್ರಯತ್ನ ಯಜ್ಞವನ್ನೇ ಅಲ್ಲಗಳೆದ ಶರಣಪರಂಪರೆಯವರನ್ನು ಹೇಗೆ ಮುಟ್ಟೀತು? ಮುಟ್ಟಬಲ್ಲ ಮಾತುಗಳು ಬೇರೆ ಇದ್ದವು. ಕನ್ನಡ ಬೈಬಲಿನಲ್ಲಿ ಸಭೆಗೆ ಸೇರುವ ಸಂಸ್ಕಾರಕ್ಕೆ ‘ದೀಕ್ಷಾಸ್ನಾನ’ವೆಂಬ ಹೆಸರು ನಿಂತಿದೆ, ದೇವರ ಅನುಗ್ರಹಕ್ಕೆ ‘ಕೃಪೆ’ ಎಂಬ ಮಾತಿದೆ. ಗುರುವಿನಿಂದ ದೀಕ್ಷೆ ಪಡೆದು, ಗುರುಕೃಪೆಯಿಂದ ಲಿಂಗವನ್ನು ಅರಿಯುವವನಿಗೆ ಈ ಮಾತುಗಳಲ್ಲಿ ಒಂದೂ ಹೊರಗಿನದಲ್ಲ. ಅವನು ಒಪ್ಪದೆ ಹೋಗಬಹುದು, ಆದರೆ ಅರ್ಥವಾಗದೆ ಹೋಗುವುದಿಲ್ಲ.

ಹಂಪಿಯ ತೇರಿನಲ್ಲಿ ಹಂಚಿದ ಕರಪತ್ರಗಳನ್ನು ಈಗ ಓದುವವರಿಲ್ಲ. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲರ ನಿಘಂಟು ಮಾತ್ರ ಮಠಗಳ ಗ್ರಂಥಭಂಡಾರಗಳಲ್ಲಿಯೂ ಇದೆ. ಅದರಲ್ಲಿ ಪದವೊಂದರ ಪ್ರಯೋಗಕ್ಕೆ ಸಾಕ್ಷಿ ಬೇಕಾದೆಡೆ ಬಸವಪುರಾಣದ ಸಂಕೇತಾಕ್ಷರ ಹೆಜ್ಜೆಹೆಜ್ಜೆಗೂ ಕಾಣಸಿಗುತ್ತದೆ.