ರಿಯೊ ನಗರದ ಬೆಟ್ಟದಾರಿಗಳು: ನೆಟ್ಟ ಕೈಗಳ ಚರಿತ್ರೆ

ಕಾಸರಗೋಡಿನ ಗುಡ್ಡಗಳ ನಡುವೆ ಹುಟ್ಟಿ ಬೆಳೆದ ನಮಗೆ ಕಾಲುದಾರಿಗಳ ಚರಿತ್ರೆಯನ್ನು ಯಾರೂ ಪಾಠವಾಗಿ ಕಲಿಸಲಿಲ್ಲ. ಶಾಲೆಗೆ, ದೇವಸ್ಥಾನಕ್ಕೆ, ಪೇಟೆಗೆ ನಾವು ನಡೆದ ದಾರಿಯನ್ನು ಮೊದಲು ಸವೆಸಿದವರು ಯಾರೆಂದು ನಾವೂ ಕೇಳಲಿಲ್ಲ. ಅರಸರ ದಂಡು ಸಾಗಿದ ಹೆದ್ದಾರಿಗೆ ಶಾಸನವಿರುತ್ತದೆ. ಸೊಪ್ಪು ಹೊತ್ತವರ, ನೀರು ತಂದವರ ದಾರಿಗೆ ಶಾಸನವಿರುವುದಿಲ್ಲ. ಹೀಗಿರುವಾಗ ದೂರದ ಒಂದು ಕಡಲತಡಿಯ ನಗರದಲ್ಲಿ, ಬೆಟ್ಟದ ಕಾಲುದಾರಿಗಳ ಜಾಡು ಹಿಡಿದು ಒಂದು ನಾಡಿನ ಚರಿತ್ರೆಯನ್ನೇ ಓದಬಹುದೆಂದು ತಿಳಿದಾಗ ನಮ್ಮ ಕುತೂಹಲ ಕೆರಳಿತು. ಆ ನಗರ ಬ್ರೆಜಿಲ್ ದೇಶದ ರಿಯೊ ಡಿ ಜನೈರೊ. ಅದರ ಬೆಟ್ಟದಾರಿಗಳ ಕಥೆಯನ್ನು ಈ ಸ್ಮರಣ ಸಂಚಿಕೆಯ ಓದುಗರೊಂದಿಗೆ ಹಂಚಿಕೊಳ್ಳುವುದು ಈ ಲೇಖನದ ಉದ್ದೇಶ. ಆ ಕಥೆಯ ಕೊನೆಯಲ್ಲಿ ನಮ್ಮದೇ ಹಿತ್ತಿಲಿನ ಒಂದು ಮರವೂ ಎದುರಾಗಲಿದೆ.

ರಿಯೊ ನಗರವು ಮಕರಸಂಕ್ರಾಂತಿ ವೃತ್ತಕ್ಕೆ ತುಸುವೇ ಉತ್ತರದಲ್ಲಿ, ಅಟ್ಲಾಂಟಿಕ್ ಸಾಗರಕ್ಕೂ ಗುವಾನಬಾರಾ ಕೊಲ್ಲಿಗೂ ಅಂಟಿಕೊಂಡಿದೆ. ಸಾಮಾನ್ಯವಾಗಿ ಬೆಟ್ಟಗಳು ಊರಿನ ಹೊರಗಿರುತ್ತವೆ. ಇಲ್ಲಿ ಊರೇ ಬೆಟ್ಟಗಳ ಸುತ್ತ ಹರಡಿದೆ. ಕೊಲ್ಲಿಯ ಬಾಯಲ್ಲಿ 396 ಮೀಟರ್ ಎತ್ತರದ ಸಕ್ಕರೆಗುಡ್ಡ, ನಗರದ ನಡುವೆ 710 ಮೀಟರ್ ಎತ್ತರದ ಕೊರ್ಕೊವಾಡೊ, ಅದರ ಹಿಂದೆ ಸಾವಿರ ಮೀಟರನ್ನು ಮೀರಿದ ತಿಜುಕಾ ಶಿಖರ, ಪಶ್ಚಿಮಕ್ಕೆ ಅದಕ್ಕಿಂತಲೂ ಕೊಂಚ ಎತ್ತರವಾದ ಪೆದ್ರಾ ಬ್ರಾಂಕಾ. ಕಡಲತೀರದಲ್ಲಿ ಬೆಳಗಿನ ಸ್ನಾನ ಮುಗಿಸಿದವನು ಮಧ್ಯಾಹ್ನದೊಳಗೆ ದಟ್ಟ ಮಳೆಕಾಡಿನ ನೆರಳಿನಲ್ಲಿ ನಡೆಯಬಹುದು. ಪೋರ್ಚುಗೀಸರು ಈ ನಗರವನ್ನು ಸ್ಥಾಪಿಸಿದ್ದು 1565ರಲ್ಲಿ. ಅದಕ್ಕೂ ಮೊದಲು ಇಲ್ಲಿ ಟುಪಿ ಭಾಷೆಯನ್ನಾಡುವ ಮೂಲನಿವಾಸಿಗಳಿದ್ದರು. ಯುದ್ಧಕ್ಕೂ ರೋಗಕ್ಕೂ ತುತ್ತಾಗಿ ಅವರ ಊರುಗಳು ಅಳಿದವು. ಆದರೆ ಗುವಾನಬಾರಾ, ತಿಜುಕಾ, ಕಾರಿಯೋಕಾ ಮುಂತಾದ ಅವರ ಮಾತುಗಳು ನೀರಿಗೂ ನೆಲಕ್ಕೂ ಅಂಟಿಕೊಂಡು ಉಳಿದವು. ಆಡುವವರು ಹೋದರೂ ಸ್ಥಳನಾಮ ನಿಲ್ಲುತ್ತದೆ ಎಂಬುದು ಗಡಿನಾಡಿನ ನಮಗೆ ಹೊಸ ಸಂಗತಿಯಲ್ಲ.

ಈ ಬೆಟ್ಟಗಳ ಹಳೆಯ ದಾರಿಗಳಲ್ಲಿ ಕೆಲವು ನೀರಿನ ದಾರಿಗಳು. ಕಾರಿಯೋಕಾ ಎಂಬುದು ಕೊರ್ಕೊವಾಡೊದ ಮೇಲ್ಭಾಗದಿಂದ ಇಳಿದುಬರುವ ಚಿಕ್ಕ ತೊರೆ. ಕೊಲ್ಲಿಯ ದಂಡೆಯ ನಗರಕ್ಕೆ ಕುಡಿಯಲು ಯೋಗ್ಯವಾದ ನೀರು ಮುಖ್ಯವಾಗಿ ಅಲ್ಲಿಂದಲೇ ಬರಬೇಕಾಗಿತ್ತು. ಆ ನೀರನ್ನು ಕಾಲುವೆ ಕಟ್ಟಿ ಇಳಿಸಿ, 1750ರ ವೇಳೆಗೆ ಪೂರ್ಣಗೊಂಡ ಎರಡಂತಸ್ತಿನ ಕಮಾನು ಸೇತುವೆಯ ಮೇಲಿಂದ ಪೇಟೆಗೆ ಹಾಯಿಸಿದರು. ಕಾಲುವೆಯನ್ನು ಕಾಯುವವರೂ ದುರಸ್ತಿ ಮಾಡುವವರೂ ನಡೆದ ಜಾಡು ಕ್ರಮೇಣ ದಾರಿಯಾಯಿತು. ಆ ತೊರೆಯ ಹೆಸರೇ ಇಂದು ಊರವರಿಗೆಲ್ಲ ಹೆಸರಾಗಿದೆ. ರಿಯೊ ನಗರದಲ್ಲಿ ಹುಟ್ಟಿದವರು ತಮ್ಮನ್ನು ಕಾರಿಯೋಕಾ ಎಂದೇ ಕರೆದುಕೊಳ್ಳುತ್ತಾರೆ.

ನೀರಿನ ಬೆಟ್ಟ ಬತ್ತುವ ಬೆಟ್ಟವಾದದ್ದು ಕಾಫಿಯಿಂದ. ನೆಪೋಲಿಯನ್ನನ ಸೈನ್ಯಕ್ಕೆ ಅಂಜಿ ಪೋರ್ಚುಗಲ್ಲಿನ ರಾಜಪರಿವಾರವು 1808ರಲ್ಲಿ ರಿಯೊ ನಗರಕ್ಕೆ ಬಂದು ನೆಲೆಸಿತು. ನಗರ ಒಮ್ಮೆಲೇ ಬೆಳೆಯಿತು. ಕಟ್ಟಿಗೆಗೂ ಇದ್ದಿಲಿಗೂ ಬೇಡಿಕೆ ಏರಿತು. ಅದೇ ಕಾಲದಲ್ಲಿ ತಿಜುಕಾದ ಇಳಿಜಾರುಗಳಲ್ಲಿ ಕಾಡು ಕಡಿದು ಕಾಫಿ ತೋಟಗಳೆದ್ದವು. ಬಾಬಾಬುಡನ್‌ಗಿರಿಯ ಕಾಫಿಯ ಕಥೆ ಕೇಳಿ ಬೆಳೆದ ನಾವು ಕಾಫಿಯನ್ನು ದೊಡ್ಡ ಮರಗಳ ನೆರಳಿನ ಬೆಳೆಯೆಂದೇ ಬಲ್ಲೆವು. ಅಲ್ಲಿ ಹಾಗಲ್ಲ, ಕಾಡನ್ನು ಸುಟ್ಟು ಬೋಳುಮಾಡಿದ ನೆಲದಲ್ಲಿ ಸಾಲುಸಾಲಾಗಿ ಗಿಡ ನೆಡುತ್ತಿದ್ದರು. ನೆಲದ ಸಾರ ಮುಗಿದಾಗ ಇನ್ನೊಂದು ಕಾಡಿಗೆ ಕೊಡಲಿ ಹಾಕುತ್ತಿದ್ದರು. ಕಡಿದವರೂ ನೆಟ್ಟವರೂ ಕೊಯ್ದವರೂ ಆಫ್ರಿಕದಿಂದ ಸೆರೆಹಿಡಿದು ತಂದ ಗುಲಾಮರು. 1811ರಿಂದ ಬಳಕೆಗೆ ಬಂದ ವಲೊಂಗೊ ಎಂಬ ಕಲ್ಲುಕಟ್ಟೆಯೊಂದರಲ್ಲೇ ಸುಮಾರು 9 ಲಕ್ಷ ಮಂದಿಯನ್ನು ಇಳಿಸಲಾಯಿತೆಂದು ಅಂದಾಜು. ತೋಟದಿಂದ ರೇವಿಗೆ ಕಾಫಿ ಮೂಟೆಗಳು ಇಳಿದ ಹೇಸರಗತ್ತೆಯ ದಾರಿಗಳಲ್ಲಿ ಕೆಲವು ಇಂದಿನ ಚಾರಣದ ದಾರಿಗಳೊಳಗೇ ಸೇರಿಹೋಗಿವೆ. ಕಾಡಿನೊಳಗೆ ನಡೆಯುವವರಿಗೆ ಈಗಲೂ ಅಲ್ಲಲ್ಲಿ ತೋಟದ ಮನೆಗಳ ಪಾಳುಗೋಡೆಗಳೂ, ತಾವಾಗಿಯೇ ಬೆಳೆದುನಿಂತ ಕಾಫಿ ಗಿಡಗಳೂ ಕಾಣಸಿಗುತ್ತವೆ.

ಗುಡ್ಡವನ್ನು ಅಡ್ಡವಾಗಿ ಕೊರೆದು ಸುರಂಗದಿಂದ ನೀರು ಪಡೆಯುವ ನಮ್ಮವರಿಗೆ ಮುಂದಿನದನ್ನು ವಿವರಿಸಿ ಹೇಳಬೇಕಾಗಿಲ್ಲ. ತಲೆ ಬೋಳಾದ ಬೆಟ್ಟ ಮಳೆಯನ್ನು ಹಿಡಿದಿಡಲಾರದು. 1840ರ ದಶಕದ ಬರಗಾಲದಲ್ಲಿ ತೊರೆಗಳು ಸೊರಗಿ, ನಗರದ ಕಾರಂಜಿಗಳ ಮುಂದೆ ಕೊಡ ಹಿಡಿದವರ ಸಾಲು ಬೆಳೆಯಿತು. ಒರತೆಗಳ ಸುತ್ತಲಿನ ತೋಟಗಳನ್ನು ಸರಕಾರವೇ ಕೊಂಡು ಕಾಡು ಬೆಳೆಸಬೇಕೆಂಬ ವಿಚಾರ 1844ರಲ್ಲಿ ಹುಟ್ಟಿತು. ಅದು ಕಾರ್ಯರೂಪಕ್ಕೆ ಬರಲು ಎರಡು ದಶಕಗಳೇ ಹಿಡಿದವು. ಚಕ್ರವರ್ತಿ ಎರಡನೆಯ ಪೆದ್ರೊ ಆಳುತ್ತಿದ್ದ 1861ರ ಡಿಸೆಂಬರಿನಲ್ಲಿ ತಿಜುಕಾ ಮತ್ತು ಪಾಯ್ನೇರಾಸ್ ಕಾಡುಗಳನ್ನು ಮತ್ತೆ ಬೆಳೆಸುವ ಆಜ್ಞೆ ಹೊರಟಿತು. ತಿಜುಕಾದ ಹೊಣೆ ಮೇಜರ್ ಮಾನುಯೆಲ್ ಗೋಮೆಸ್ ಆರ್ಚರ್ ಎಂಬವರ ಪಾಲಿಗೆ ಬಂತು.

ಆರ್ಚರ್ ಕೆಲಸ ಆರಂಭಿಸಿದ್ದು ಆರು ಮಂದಿ ಗುಲಾಮರೊಂದಿಗೆ. ಅವರ ಹೆಸರುಗಳು ದಾಖಲೆಯಲ್ಲಿ ಉಳಿದುಬಂದಿವೆ: ಎಲೆಯುಟೇರಿಯೊ, ಕಾನ್‌ಸ್ಟಾಂಟಿನೊ, ಮಾನುಯೆಲ್, ಮಾಟೆಯುಸ್, ಲಿಯೋಪೋಲ್ಡೊ, ಮರಿಯಾ. ಕುಲನಾಮವಿಲ್ಲ, ಹುಟ್ಟಿದ ಊರಿಲ್ಲ, ವಯಸ್ಸಿಲ್ಲ. ಬರಿಯ ಆರು ಹೆಸರುಗಳು. ಸಸಿಗಳಲ್ಲಿ ಹಲವು ಗುವಾರಾಟಿಬಾದಲ್ಲಿದ್ದ ಆರ್ಚರನ ಸ್ವಂತ ಜಮೀನಿನಿಂದ ಬಂದವು. ಉಳಿದ ಕಾಡುತುಂಡುಗಳಿಂದ ಕಿತ್ತು ತಂದವೂ ಇದ್ದವು. ಮಳೆ ಬಿದ್ದು ಮಣ್ಣು ಮೆದುವಾದ ದಿನ ಕಡಿದಾದ ಇಳಿಜಾರಿನಲ್ಲಿ ಗುಂಡಿ ತೋಡುವುದು, ಸಸಿಯನ್ನು ಹೊತ್ತು ಏರುವುದು, ನೆಟ್ಟದ್ದನ್ನು ಬಳ್ಳಿ ಕಳೆಗಳಿಂದ ಕಾಯುವುದು ಈ ಆರು ಮಂದಿಯ ಕೆಲಸ. ಆಮೇಲೆ ಇನ್ನೂ ಕೆಲವು ಗುಲಾಮರೂ ಕೂಲಿಯಾಳುಗಳೂ ಸೇರಿದರು. ಆರ್ಚರ್ 1874ರಲ್ಲಿ ಹೊಣೆ ಬಿಡುವ ಹೊತ್ತಿಗೆ ನೆಟ್ಟ ಗಿಡಗಳ ಎಣಿಕೆ ಲಕ್ಷದ ಆಸುಪಾಸಿಗೆ ಬಂದಿತ್ತೆಂದು ಸಾಮಾನ್ಯವಾಗಿ ಹೇಳುತ್ತಾರೆ. ಇಡೀ ಕಾಡನ್ನು ಕೈಗಳೇ ನೆಟ್ಟವೆಂದು ಹೇಳಿದರೆ ಅತಿಶಯೋಕ್ತಿಯಾದೀತು. ತೋಟಗಳನ್ನು ಬಿಟ್ಟುಹೋದ ಮೇಲೆ ಹಕ್ಕಿ, ಗಾಳಿ, ಉಳಿದ ಬೇರುಗಳ ಬಲದಿಂದ ತಾನಾಗಿ ಮರಳಿದ ಕಾಡೂ ಬಹಳವಿದೆ. ಆದರೆ ಬೆಟ್ಟವನ್ನು ಬೋಳಾಗಿಸಲು ಯಾರ ದುಡಿಮೆಯನ್ನು ಕಸಿದುಕೊಂಡರೋ, ಅದನ್ನು ಮರಳಿ ಹಸುರಾಗಿಸಲೂ ಅದೇ ಜನರನ್ನು ದುಡಿಸಿದರು ಎಂಬ ಮಾತು ಸತ್ಯ. ಬ್ರೆಜಿಲಿನಲ್ಲಿ ಗುಲಾಮಗಿರಿ ಕಾನೂನಿನ ಮೂಲಕ ಕೊನೆಗೊಂಡದ್ದು 1888ರ ಮೇ 13ರಂದು. ನೆಟ್ಟ ಮೊದಲ ಸಸಿಗಳು ಅಷ್ಟರಲ್ಲಿ ಕಾಲು ಶತಮಾನದ ಮರಗಳಾಗಿದ್ದವು.

ಆರ್ಚರನ ನಂತರ ಬಂದ ಬ್ಯಾರನ್ ಎಸ್ಕ್ರಾನ್ಯೋಲ್ ಕಾಡನ್ನು ಉದ್ಯಾನವಾಗಿ ಕಂಡರು. ಫ್ರಾನ್ಸಿನ ಉದ್ಯಾನಶಿಲ್ಪಿ ಗ್ಲಾಜಿಯೂ ಅವರ ನೆರವಿನಿಂದ ಸೇತುವೆ, ಕೊಳ, ನೋಟದ ಕಟ್ಟೆಗಳನ್ನು ಕಟ್ಟಿಸಿದರು. ವಿಹಾರಕ್ಕೆಂದೇ ದಾರಿಗಳನ್ನು ತಿದ್ದಿಸಿದರು. ದಾರಿಗಳಿಗೂ ಗುಹೆಗಳಿಗೂ ರಾಜಮನೆತನದವರ, ಶ್ರೀಮಂತರ, ಫ್ರೆಂಚ್ ಕಾದಂಬರಿಯ ಪಾತ್ರಗಳ ಹೆಸರುಗಳು ಬಂದವು. ಗುಂಡಿ ತೋಡಿದ ಆರು ಮಂದಿಯ ಹೆಸರುಗಳಿಗೆ ಆಗ ಅಲ್ಲಿ ಎಡೆ ಸಿಗಲಿಲ್ಲ. ತಿಜುಕಾ ಶಿಖರದ ಕೊನೆಯ ಏರಿನಲ್ಲಿಯೂ ಅರಸನೊಬ್ಬನ ನೆನಪೇ ಇದೆ. ಬೆಲ್ಜಿಯಂ ದೊರೆ ಮೊದಲನೆಯ ಆಲ್ಬರ್ಟ್ 1920ರಲ್ಲಿ ಬರುವನೆಂದು ಅಲ್ಲಿನ ಬಂಡೆಯಲ್ಲಿ ನೂರಕ್ಕೂ ಮಿಕ್ಕಿ ಮೆಟ್ಟಿಲುಗಳನ್ನು ಕಡಿದು, ಹಿಡಿದೇರಲು ಕಬ್ಬಿಣದ ಸರಪಳಿ ಕಟ್ಟಿದರು. ದೊರೆಯು ಸ್ವತಃ ಪಳಗಿದ ಪರ್ವತಾರೋಹಿ. ಮುಂದೆ 1934ರಲ್ಲಿ ತನ್ನ ದೇಶದ ಬಂಡೆಯೊಂದರಿಂದ ಬಿದ್ದೇ ತೀರಿಕೊಂಡನು. ಅವನಿಗಾಗಿ ಕಡಿದ ಮೆಟ್ಟಿಲುಗಳನ್ನು ಇಂದು ಶಾಲೆಯ ಮಕ್ಕಳೂ ಏರುತ್ತಾರೆ.

ನಗರದ ಪಶ್ಚಿಮದ ಪೆದ್ರಾ ಬ್ರಾಂಕಾ ಬೆಟ್ಟಸಾಲಿನಲ್ಲಿ ಇನ್ನೊಂದು ಬಗೆಯ ದಾರಿಗಳಿವೆ. ಅಲ್ಲಿನ ಕಾಡಿನೊಳಗೆ ಇಳಿಜಾರನ್ನು ಕಡಿದು ಸಮತಟ್ಟುಗೊಳಿಸಿದ ಚಿಕ್ಕ ಚಿಕ್ಕ ಜಗಲಿಗಳನ್ನು ಸಂಶೋಧಕರು ಗುರುತಿಸಿದ್ದಾರೆ. ಅವುಗಳ ಮಣ್ಣು ಕಪ್ಪು. ಅಗೆದರೆ ಇದ್ದಿಲಿನ ಚೂರುಗಳು ಸಿಗುತ್ತವೆ. ಅವು ಇದ್ದಿಲು ಸುಡುವವರ ನೆಲೆಗಳು. ಗುಲಾಮಗಿರಿಯಿಂದ ಬಿಡುಗಡೆಯಾದರೂ ಅಂಗೈಯಗಲ ನೆಲ ಸಿಗದವರಲ್ಲಿ ಅನೇಕರು ಈ ಕಾಡು ಸೇರಿ, ನಗರದ ಒಲೆಗಳಿಗೂ ಕುಲುಮೆಗಳಿಗೂ ಇದ್ದಿಲು ಸುಟ್ಟು ಬದುಕಿದರು. ಒಂದು ಜಗಲಿಯಿಂದ ಇನ್ನೊಂದಕ್ಕೆ ಹೊರೆ ಹೊತ್ತು ನಡೆದ ಅವರ ಜಾಡುಗಳು ಕಾಡಿನ ದಾರಿಗಳಾದವು. ಅದೇ ಬೆಟ್ಟದಲ್ಲಿ ಕಾಮೊರಿಂ ಮೊದಲಾದ ಊರುಗಳಲ್ಲಿ, ಗುಲಾಮರ ಸಂತತಿಯವರು ಇಂದಿಗೂ ತಮ್ಮ ಹಿರಿಯರ ನೆಲವನ್ನು ಹಿಡಿದುಕೊಂಡು ಬಾಳುತ್ತಿದ್ದಾರೆ. ಅಲ್ಲಿಗೆ ಬರುವ ಚಾರಣಿಗರಿಗೆ ದಾರಿ ತೋರಿಸುವುದರ ಜೊತೆಗೆ ದಾರಿಯ ಕಥೆಯನ್ನೂ ಅವರೇ ಹೇಳುತ್ತಾರೆ.

ಹೀಗೆ ಬೇರೆ ಬೇರೆ ಕಾಲದ, ಬೇರೆ ಬೇರೆ ಉದ್ದೇಶದ ತುಂಡುದಾರಿಗಳನ್ನು ಒಂದಾಗಿ ಹೊಲಿದು ನಗರದ ಉದ್ದಕ್ಕೂ ನಡೆಯುವಂತೆ ಮಾಡಿದ್ದು ಇತ್ತೀಚಿನ ಮಾತು. ಟ್ರಾನ್ಸ್‌ಕಾರಿಯೋಕಾ ಎಂಬ ಈ ಕಾಲುದಾರಿಯ ಉದ್ದ ಸುಮಾರು 180 ಕಿಲೋಮೀಟರು. ಪಶ್ಚಿಮದಲ್ಲಿ ಬಾರಾ ದೆ ಗುವಾರಾಟಿಬಾದ ಕಡಲತಡಿಯಿಂದ ಹೊರಟು ಪೆದ್ರಾ ಬ್ರಾಂಕಾ, ತಿಜುಕಾ, ಕೊರ್ಕೊವಾಡೊಗಳನ್ನು ದಾಟಿ ಸಕ್ಕರೆಗುಡ್ಡದ ಬುಡಕ್ಕೆ ಬಂದು ಮುಟ್ಟುತ್ತದೆ. 2017ರಲ್ಲಿ ಪೂರ್ಣಗೊಂಡ ಈ ದಾರಿಯಲ್ಲಿ ಮರಗಳ ಮೇಲೂ ಕಲ್ಲುಗಳ ಮೇಲೂ ಹಳದಿ ಕಪ್ಪು ಬಣ್ಣದ ಹೆಜ್ಜೆಗುರುತುಗಳನ್ನು ಬರೆದಿದ್ದಾರೆ. ಒಂದೊಂದು ತುಂಡನ್ನು ಒಂದೊಂದು ಸ್ವಯಂಸೇವಕರ ತಂಡ ದತ್ತು ತೆಗೆದುಕೊಂಡು, ರಜಾದಿನಗಳಲ್ಲಿ ಕತ್ತಿ ಗುದ್ದಲಿ ಹಿಡಿದು ಸರಿಪಡಿಸುತ್ತದೆ. ಒಂದೂವರೆ ಶತಮಾನದ ಹಿಂದೆ ಆರ್ಚರನ ಸಸಿಗಳು ಬಂದದ್ದೂ ಗುವಾರಾಟಿಬಾದ ಕಡೆಯಿಂದಲೇ. ಆ ಸಸಿಗಳ ಹಾದಿಯ ದಿಕ್ಕಿನಲ್ಲೇ ಇಂದಿನ ನಡಿಗೆಯೂ ಸಾಗುತ್ತದೆ ಎಂಬುದು ಯೋಗಾಯೋಗವಿರಬಹುದು. ನಮಗಂತೂ ಅದು ಹೃದ್ಯವಾಗಿ ಕಂಡಿತು.

ಈಗ ನಾವು ಮೊದಲೇ ಹೇಳಿದ ಮರದ ಬಳಿಗೆ ಬರೋಣ. ತಿಜುಕಾದ ದಾರಿಗಳಲ್ಲಿ ನಡೆಯುವ ಕಾಸರಗೋಡಿನವನಿಗೆ ಒಂದು ಪರಿಚಿತ ಪರಿಮಳ ಮೂಗಿಗೆ ಬಡಿಯದಿರದು. ಅದು ಹಲಸು. ನಮ್ಮ ಪಶ್ಚಿಮ ಕರಾವಳಿಯ ಈ ಮರ ಪೋರ್ಚುಗೀಸರ ಹಡಗುಗಳ ಕಾಲದಲ್ಲಿ ಬ್ರೆಜಿಲ್ ಸೇರಿತು. ಬೋಳುಬೆಟ್ಟಕ್ಕೆ ಬೇಗನೆ ನೆರಳು ತರಬೇಕಾದಾಗ ತಿಜುಕಾದಲ್ಲಿಯೂ ಬೇರೂರಿತು. ಅಲ್ಲಿ ಅದರ ಹೆಸರು ಜಾಕಾ. ನಮ್ಮ ನೆರೆಯ ಮಲಯಾಳದ ಚಕ್ಕ ಎಂಬ ಮಾತನ್ನೇ ಪೋರ್ಚುಗೀಸರು ಹಾಗೆ ಉಚ್ಚರಿಸಿದರು. ಗೋವೆಯಲ್ಲಿ 1563ರಲ್ಲಿ ಅಚ್ಚಾದ ವೈದ್ಯ ಗಾರ್ಸಿಯಾ ದ ಓರ್ತಾನ ಗ್ರಂಥದಲ್ಲಿ ಈ ಹಣ್ಣಿನ ಪ್ರಸ್ತಾಪವಿದೆ. ನಮ್ಮ ಬೇಲಿಯಾಚೆಯ ಒಂದು ಪದ ಸಾಗರ ದಾಟಿ ಹತ್ತೊಂಬತ್ತನೆಯ ಶತಮಾನದ ಗುಲಾಮರ ಬಾಯಲ್ಲಿಯೂ ಆಡಿತು.

ಈ ಹಲಸಿನ ಬಗ್ಗೆ ಅಲ್ಲೀಗ ವಾದವೆದ್ದಿದೆ. ಹಲಸು ದಟ್ಟವಾಗಿ ಹಬ್ಬಿ ಸ್ಥಳೀಯ ಗಿಡಗಳಿಗೆ ಎಡೆಗೊಡುವುದಿಲ್ಲವೆಂದು ಸಸ್ಯವಿಜ್ಞಾನಿಗಳು ಹೇಳುತ್ತಾರೆ. ಕಾಡಿನ ಅಧಿಕಾರಿಗಳು ಅದನ್ನು ಕಡಿಮೆಮಾಡುವ ಯತ್ನದಲ್ಲಿದ್ದಾರೆ. ಇನ್ನೂರು ಮುನ್ನೂರು ವರ್ಷಗಳಿಂದ ತಮ್ಮ ಹಸಿವನ್ನು ನೀಗಿಸಿದ ಮರ ಹೊರಗಿನದು ಹೇಗಾಯಿತೆಂದು ಕೇಳುವ ಊರವರೂ ಇದ್ದಾರೆ. ಕಾಡಿನ ಪ್ರಾಣಿಗಳೂ ಆ ಹಣ್ಣನ್ನು ತಿನ್ನುತ್ತವೆ. ವಿಜ್ಞಾನಿಗಳ ಮಾತಿನಲ್ಲಿ ಹುರುಳಿದೆಯೆಂದು ನಾವು ಬಲ್ಲೆವು. ಗಿಡಗಳ ನ್ಯಾಯವನ್ನು ಮನುಷ್ಯರಿಗೆ ಅನ್ವಯಿಸುವುದೂ ತಪ್ಪಾದೀತು. ಆದರೂ ‘ನೀವು ಎಲ್ಲಿಂದ ಬಂದವರು’ ಎಂಬ ಪ್ರಶ್ನೆಯನ್ನು ಹುಟ್ಟಿದೂರಿನಲ್ಲೇ ಕೇಳಿಸಿಕೊಂಡ ಗಡಿನಾಡಿನವರು ಈ ವಾದವನ್ನು ಓದುವಾಗ ಒಂದು ಕ್ಷಣ ತಡೆದು ನಿಲ್ಲದಿರಲಾರರು.

ಇಂದು ತಿಜುಕಾದ ಕಾಡು ಸುಮಾರು 40 ಚದರ ಕಿಲೋಮೀಟರ್ ವಿಸ್ತಾರದ ರಾಷ್ಟ್ರೀಯ ಉದ್ಯಾನ. 1961ರಲ್ಲಿ ಅದಕ್ಕೆ ಆ ಮನ್ನಣೆ ಬಂತು. 2012ರಲ್ಲಿ ಬೆಟ್ಟ ಮತ್ತು ಕಡಲುಗಳ ನಡುವಣ ಇಲ್ಲಿಯ ಭೂದೃಶ್ಯವು ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಬೇಟೆಯಿಂದ ಅಳಿದಿದ್ದ ಅಗೂಟಿ ಎಂಬ ದಂಶಕವನ್ನು 2010ರಿಂದಲೂ, ಕೂಗುಕೋತಿಗಳನ್ನು 2015ರಿಂದಲೂ ಮರಳಿ ತಂದು ಬಿಡುತ್ತಿದ್ದಾರೆ. ಬೀಜವನ್ನು ಹೊತ್ತು ಹೂಳುವ ಪ್ರಾಣಿಯಿಲ್ಲದೆ ಕಾಡು ತನ್ನ ಸಂತತಿಯನ್ನು ಮುಂದುವರಿಸಲಾರದು ಎಂದು ಕಂಡುಕೊಂಡದ್ದರ ಫಲವಿದು. ಎಲೆಯುಟೇರಿಯೊ, ಮರಿಯಾ ಮೊದಲಾದ ಆರು ಮಂದಿಯ ಹೆಸರುಗಳನ್ನೂ ಈಗ ಕಾಡಿನ ಚರಿತ್ರೆ ಹೇಳುವವರು ಆರ್ಚರನ ಹೆಸರಿನೊಂದಿಗೆ ಹೇಳುತ್ತಾರೆ. ಯಾವನೋ ಒಬ್ಬ ಗುಮಾಸ್ತ ಕಡತದಲ್ಲಿ ಆರು ಹೆಸರು ಬರೆದಿಟ್ಟದ್ದರಿಂದಲೇ ಅದು ಸಾಧ್ಯವಾಯಿತು.

ನಮ್ಮ ದಾರಿಗಳಿಗೆ ಅಂಥ ಕಡತವಿಲ್ಲ. ಗುಡ್ಡ ಕಡಿದು ರಸ್ತೆಯಾದಾಗ ದಾರಿ ಹೋಗುತ್ತದೆ. ದಾರಿಯ ಜೊತೆಗೆ ಅದರ ತಿರುವುಗಳ, ಕಟ್ಟೆಗಳ, ನೀರಿನ ತಾಣಗಳ ಕನ್ನಡ ತುಳು ಹೆಸರುಗಳೂ ಹೋಗುತ್ತವೆ. ಸಂಘದ ಬಂಧುಗಳಲ್ಲಿ ನಮ್ಮ ವಿನಂತಿ ಇಷ್ಟೆ: ಪ್ರತಿ ಮನೆಯವರೂ ತಮ್ಮ ಹಿರಿಯರನ್ನು ಕೇಳಿ, ಅವರು ಬಾಲ್ಯದಲ್ಲಿ ನಡೆದ ಒಂದು ಕಾಲುದಾರಿಯ ಹೆಸರನ್ನೂ, ಅದರ ಸುರಂಗವನ್ನು ತೋಡಿದವರ ಅಥವಾ ಅದರ ಬದಿಯ ಮರಗಳನ್ನು ನೆಟ್ಟವರ ಹೆಸರನ್ನೂ ಒಂದು ಹಾಳೆಯಲ್ಲಿ ಬರೆದಿಡಲಿ. ಆರೇ ಹೆಸರುಗಳಾದರೂ ಸಾಕು.