ಕೋಡಿಯನ್ನು ಕಾಯುವವರು

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ, ಈ ನಾಲ್ಕು ತಾಲ್ಲೂಕುಗಳ ಬಯಲುಸೀಮೆಯವರಿಗೆ ಕೆರೆಯ ಅಂಗಗಳನ್ನು ವಿವರಿಸಿ ಹೇಳಬೇಕಾಗಿಲ್ಲ. ಏರಿ ನೀರನ್ನು ತಡೆದು ನಿಲ್ಲಿಸುತ್ತದೆ. ತೂಬು ಗದ್ದೆಗೆ ಬಿಡುತ್ತದೆ. ಕೋಡಿಯಾದರೋ ಹೆಚ್ಚಾದ ನೀರನ್ನು ಹೊರಕ್ಕೆ ಕಳುಹಿಸಿ ಏರಿಯನ್ನು ಉಳಿಸುತ್ತದೆ. ಮಳೆ ಅಪರೂಪವಾದ ನಮ್ಮ ಕಡೆ, ಕೋಡಿಗೆ ಕಲ್ಲುಮಣ್ಣು ಒಟ್ಟಿ ಇನ್ನೊಂದು ಮೊಳ ನೀರು ನಿಲ್ಲಿಸಿಕೊಳ್ಳೋಣವೆಂಬ ಆಸೆ ಹುಟ್ಟುವುದು ಸಹಜ. ಅದು ಕೂಡದು ಎನ್ನುವವನು ಊರಿಗೆ ಪ್ರಿಯನಾಗುವುದು ಕಷ್ಟ. ನಾನು ಈಗ ಹೇಳಹೊರಟಿರುವುದು ಅಂತಹ ಕೆಲಸ ಹೊತ್ತ ಒಬ್ಬ ಅಧಿಕಾರಿಯ ಮೂರು ವರ್ಷಗಳ ಚರಿತ್ರೆಯನ್ನು. ಅವರು ಕಾಯಬೇಕಾಗಿದ್ದುದು ಕೆರೆಗಳನ್ನಲ್ಲ, ಅಣುಸ್ಥಾವರಗಳನ್ನು.

ಅಣುವಿಗೂ ನಮ್ಮ ಸೀಮೆಗೂ ಏನು ನಂಟು ಎಂದು ಕೇಳಬಹುದು. ಪಾವಗಡದ ತಿರುಮಣಿಯ ಸುತ್ತ ೨೦೫೦ ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವೇನೋ ಹರಡಿಕೊಂಡಿದೆ. ಆದರೆ ಹೊತ್ತು ಮುಳುಗಿದ ಮೇಲೆ ನಮ್ಮ ಮನೆಗಳ ದೀಪಕ್ಕೆ ಶರಾವತಿಯ ನೀರು, ರಾಯಚೂರಿನ ಕಲ್ಲಿದ್ದಲು, ಕಾಳಿ ನದಿಯ ದಡದ ಕೈಗಾದ ಅಣು, ಎಲ್ಲವೂ ಒಂದೇ ಜಾಲದಲ್ಲಿ ಬೆರೆತು ಬರುತ್ತವೆ. ಅಲ್ಲದೆ, ೧೯೮೩ರಿಂದ ೧೯೮೭ರವರೆಗೆ ಅಣುಶಕ್ತಿ ಆಯೋಗದ ಅಧ್ಯಕ್ಷರಾಗಿದ್ದ ರಾಜಾ ರಾಮಣ್ಣನವರು ನಮ್ಮ ತುಮಕೂರು ಜಿಲ್ಲೆಯಲ್ಲೇ ಹುಟ್ಟಿದವರು. ಅವರ ಹೆಸರನ್ನು ಕೇಳದವರಿಲ್ಲ. ಕಟ್ಟಿದವರ ಹೆಸರು ಹೀಗೆ ನಾಡಿನ ನೆನಪಿನಲ್ಲಿ ನಿಲ್ಲುತ್ತದೆ; ಕಟ್ಟಿದ್ದನ್ನು ಪರೀಕ್ಷಿಸಿ, 'ನಿಲ್ಲಿ' ಎಂದವರ ಹೆಸರು ನಿಲ್ಲುವುದಿಲ್ಲ.

ಪರೀಕ್ಷಿಸುವ ಈ ಹೊಣೆಗಾಗಿ ಅಣುಶಕ್ತಿ ನಿಯಂತ್ರಣ ಮಂಡಳಿ ಸ್ಥಾಪನೆಯಾದದ್ದು ೧೯೮೩ರ ನವೆಂಬರ್ ೧೫ರಂದು. ಮಂಡಳಿ ತನ್ನ ವರದಿಯನ್ನು ಒಪ್ಪಿಸಬೇಕಾಗಿದ್ದುದು ಅಣುಶಕ್ತಿ ಆಯೋಗಕ್ಕೆ. ಆಯೋಗದ ಅಧ್ಯಕ್ಷರೇ ಅಣುಶಕ್ತಿ ಇಲಾಖೆಯ ಕಾರ್ಯದರ್ಶಿಗಳು. ಸ್ಥಾವರಗಳನ್ನು ಕಟ್ಟಿ ನಡೆಸುತ್ತಿದ್ದುದೂ ಅದೇ ಇಲಾಖೆಯ ನಿಗಮ. ಅಂದರೆ, ತಪ್ಪು ಹಿಡಿಯಬೇಕಾದವನು ಯಾರ ತಪ್ಪು ಹಿಡಿಯಬೇಕೋ ಅವರ ಮನೆಯ ಜಗಲಿಯ ಮೇಲೆಯೇ ಕುಳಿತಂತಾಗಿತ್ತು.

೧೯೯೩ರ ಜೂನ್ ತಿಂಗಳಲ್ಲಿ ಈ ಮಂಡಳಿಯ ಅಧ್ಯಕ್ಷರಾಗಿ ಬಂದವರು ಡಾ. ಎ. ಗೋಪಾಲಕೃಷ್ಣನ್. ಅಮೆರಿಕದ ಬರ್ಕ್ಲಿಯಲ್ಲಿ ಅಣು ಇಂಜಿನಿಯರಿಂಗ್ ಕಲಿತು ಡಾಕ್ಟರೇಟ್ ಪಡೆದವರು. ಅವರು ಬರುವುದಕ್ಕೆ ಕೆಲವೇ ವಾರಗಳ ಮುಂಚೆ, ಮಾರ್ಚ್ ೩೧ರಂದು, ಉತ್ತರ ಪ್ರದೇಶದ ನರೋರಾ ಸ್ಥಾವರದಲ್ಲಿ ಟರ್ಬೈನಿನ ಅಲಗುಗಳು ಮುರಿದು, ಬೆಂಕಿ ಹತ್ತಿ, ಕೇಬಲ್ಲುಗಳು ಸುಟ್ಟು, ಸ್ಥಾವರವೇ ಸುಮಾರು ೧೭ ಗಂಟೆಗಳ ಕಾಲ ವಿದ್ಯುತ್ತಿಲ್ಲದೆ ಇತ್ತು. ಅಲ್ಲಿನ ಸಿಬ್ಬಂದಿಯ ಧೈರ್ಯದಿಂದ ಅನಾಹುತ ತಪ್ಪಿತು.

ವರ್ಷ ಕಳೆಯುವಷ್ಟರಲ್ಲಿ ಕರ್ನಾಟಕದ ಸರದಿ ಬಂದಿತು. ಕೈಗಾ ಯೋಜನೆಗೆ ಮೊದಲಿನಿಂದಲೂ ವಿರೋಧವಿತ್ತು. ಅದನ್ನು ವಿರೋಧಿಸಿದವರ ಮುಂಚೂಣಿಯಲ್ಲಿದ್ದ ಶಿವರಾಮ ಕಾರಂತರು ತಮ್ಮ ಎಂಬತ್ತೇಳನೆಯ ವಯಸ್ಸಿನಲ್ಲಿ, ೧೯೮೯ರ ಲೋಕಸಭಾ ಚುನಾವಣೆಗೂ ನಿಂತದ್ದನ್ನು ಸಾಹಿತ್ಯಾಭಿಮಾನಿಗಳು ಬಲ್ಲರು. ಆದರೆ ೧೯೯೪ರ ಮೇ ೧೩ರಂದು ನಡೆದುದು ವಾದವಲ್ಲ, ಘಟನೆ. ಒಂದನೆಯ ಘಟಕದ ಒಳಗುಮ್ಮಟದ ಅಡಿಭಾಗ ಕಳಚಿ, ಸುಮಾರು ೧೩೦ ಟನ್ ಕಾಂಕ್ರೀಟ್ ಕೆಳಕ್ಕೆ ಬಿತ್ತು. ಕಾರ್ಮಿಕರು ಗಾಯಗೊಂಡರು. ಅಣು ಇಂಧನವನ್ನು ಇನ್ನೂ ತುಂಬಿರಲಿಲ್ಲವಾದ್ದರಿಂದ ವಿಕಿರಣದ ಮಾತು ಬರಲಿಲ್ಲ. ಅಪಘಾತವಾದಾಗ ವಿಕಿರಣ ಹೊರಗೆ ಹೋಗದಂತೆ ತಡೆಯಬೇಕಾದ ಗುಮ್ಮಟವೇ ಅದಾಗಿತ್ತೆಂಬುದನ್ನು ಮಾತ್ರ ಮರೆಯಲಾಗದು. ಕಾಂಕ್ರೀಟಿನೊಳಗೆ ಹಾಯಿಸಿದ ಉಕ್ಕಿನ ಹಗ್ಗಗಳನ್ನು ಬಿಗಿದಾಗ ಗುಮ್ಮಟದ ದಪ್ಪದುದ್ದಕ್ಕೂ ಹುಟ್ಟುವ ಸೆಳೆತಕ್ಕೆ ವಿನ್ಯಾಸದಲ್ಲಿ ತಕ್ಕಷ್ಟು ಗಮನ ಕೊಟ್ಟಿರಲಿಲ್ಲ.

ಮಂಡಳಿ ತನ್ನದೇ ಸಮಿತಿಯಿಂದ ವಿಚಾರಣೆ ನಡೆಸಿತು. ಗುಮ್ಮಟದ ವಿನ್ಯಾಸವನ್ನು ಹೊಸದಾಗಿ ಮಾಡಬೇಕಾಯಿತು. ರಾಜಸ್ಥಾನದಲ್ಲಿ ಏಳುತ್ತಿದ್ದ ಅದೇ ಬಗೆಯ ಗುಮ್ಮಟಗಳಿಗೂ ಈ ತಿದ್ದುಪಡಿ ತಗುಲಿತು. ವರ್ಷಗಳು ತಡವಾದವು, ಖರ್ಚು ಏರಿತು. ಒಂದನೆಯ ಘಟಕ ವಿದ್ಯುತ್ ವ್ಯವಹಾರಕ್ಕೆ ಬಂದದ್ದು ೨೦೦೦ದ ನವೆಂಬರಿನಲ್ಲಿ. ತಡವಾದುದನ್ನು ನಷ್ಟವೆನ್ನುವವರು ಮುಂದಿನದನ್ನೂ ಗಮನಿಸಬೇಕು. ಅದೇ ಘಟಕ ೨೦೧೬ರ ಮೇ ೧೩ರಿಂದ ೨೦೧೮ರ ಡಿಸೆಂಬರ್ ೩೧ರವರೆಗೆ ೯೬೨ ದಿನ ಒಮ್ಮೆಯೂ ನಿಲ್ಲದೆ ನಡೆದು, ಆ ಕಾಲಕ್ಕೆ ಜಗತ್ತಿನ ದಾಖಲೆಯಾಯಿತು. ಗುಮ್ಮಟ ಬಿದ್ದ ತಾರೀಖಿನಂದೇ ಆ ಓಟ ಮೊದಲಾದದ್ದು ಆಕಸ್ಮಿಕ. ತಡೆದು ತಿದ್ದಿದ್ದರಿಂದ ಸ್ಥಾವರ ಕೆಡಲಿಲ್ಲವೆಂಬುದು ಆಕಸ್ಮಿಕವಲ್ಲ.

ಗೋಪಾಲಕೃಷ್ಣನ್ ಅಲ್ಲಿಗೆ ಸುಮ್ಮನಾಗಲಿಲ್ಲ. ೧೯೯೫ರಲ್ಲಿ ಮಂಡಳಿ ಇಲಾಖೆಯ ಸ್ಥಾವರಗಳಲ್ಲಿ ಸರಿಪಡಿಸಬೇಕಾದ ಸುಮಾರು ೧೩೦ ಸುರಕ್ಷತಾ ಲೋಪಗಳ ಪಟ್ಟಿಯನ್ನು ಸಿದ್ಧಪಡಿಸಿತು. ಸರ್ಕಾರ ಆ ವರದಿಯನ್ನು ರಹಸ್ಯವೆಂದು ಮುಚ್ಚಿಟ್ಟಿತು. ೧೯೯೬ರ ಜೂನ್‌ನಲ್ಲಿ ಅವರ ಅವಧಿ ಮುಗಿಯಿತು; ಅದನ್ನು ಮುಂದುವರಿಸಲಿಲ್ಲ. ಅನಂತರ ಅವರು ಬಹಿರಂಗವಾಗಿ ಮಾತನಾಡಿದರು. ಮಂಡಳಿಯ ಪರಿಶೀಲನಾ ಸಮಿತಿಗಳಲ್ಲಿ ನೂರಕ್ಕೆ ೯೫ರಷ್ಟು ಮಂದಿ ಇಲಾಖೆಯ ವಿಜ್ಞಾನಿಗಳೇ ಎಂದು ಬರೆದರು. ಲೋಪಗಳನ್ನು ಕ್ರಮವಾಗಿ ಸರಿಪಡಿಸಲಾಗುತ್ತಿದೆಯೆಂದು ಇಲಾಖೆ ಉತ್ತರಿಸಿತು. ಅಣುವಿದ್ಯೆಯನ್ನು ಬಲ್ಲವರು ಬಹುಮಟ್ಟಿಗೆ ಆ ಇಲಾಖೆಯಲ್ಲೇ ಇದ್ದುದೂ ನಿಜವೇ. ಆದರೆ ಎರಡು ಮಾತುಗಳಲ್ಲಿ ಯಾವುದು ದಿಟವೆಂದು ತೂಗಿ ನೋಡಲು ಜನರ ಕೈಯಲ್ಲಿ ವರದಿಯೇ ಇರಲಿಲ್ಲ. ನಾಗರಿಕ ಸಂಸ್ಥೆಗಳು ಮುಂಬಯಿಯ ಉಚ್ಚ ನ್ಯಾಯಾಲಯದ ಮೆಟ್ಟಿಲೇರಿ, ಅಲ್ಲಿ ಸೋತು ಸರ್ವೋಚ್ಚ ನ್ಯಾಯಾಲಯಕ್ಕೆ ಹೋದವು. ೨೦೦೪ರ ಜನವರಿಯಲ್ಲಿ ಆ ಮನವಿಯೂ ತಿರಸ್ಕೃತವಾಯಿತು.

ಜಪಾನಿನ ಫುಕುಷಿಮಾ ದುರಂತದ ಬಳಿಕ, ೨೦೧೧ರಲ್ಲಿ, ಸ್ವತಂತ್ರ ಪ್ರಾಧಿಕಾರಕ್ಕಾಗಿ ಮಸೂದೆಯೊಂದು ಲೋಕಸಭೆಗೆ ಬಂದಿತು. ೨೦೧೪ರಲ್ಲಿ ಸಭೆಯ ಅವಧಿಯೊಡನೆ ಅದೂ ತೀರಿತು. ನಡುವೆ, ೨೦೧೨ರಲ್ಲಿ, ದೇಶದ ಮಹಾಲೆಕ್ಕಪರಿಶೋಧಕರು ಮಂಡಳಿಯ ಅಧೀನಸ್ಥಿತಿಯನ್ನು ಎತ್ತಿ ತೋರಿಸಿದರು. ಕೊನೆಗೆ ೨೦೨೫ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಅಣುಶಕ್ತಿ ಕಾಯಿದೆ ಮಂಡಳಿಗೆ ಶಾಸನದ ಆಧಾರವನ್ನು ಕೊಟ್ಟಿತು. ಹುಟ್ಟಿದ ನಲವತ್ತೆರಡು ವರ್ಷಗಳ ಮೇಲೆ ದೊರೆತ ಈ ಸ್ಥಾನ ಸಣ್ಣದೇನಲ್ಲ.

ಆದರೂ ಶಾಸನವೊಂದೇ ಸಾಲದು. ಇನ್ನೊಂದು ದಿನ ಇನ್ನೊಬ್ಬ ಅಧ್ಯಕ್ಷರು ಲೋಪಗಳ ಪಟ್ಟಿ ಬರೆದರೆ, ಅದು ಕಪಾಟು ಸೇರುವುದೋ, ಕೈಗಾದ ಬೀಡಿನವರೂ ಮಧುಗಿರಿಯ ಓದುಗರೂ ನೋಡುವಂತೆ ಪ್ರಕಟವಾಗುವುದೋ, ಈ ಪ್ರಶ್ನೆಯನ್ನು ಕೇಳುತ್ತಲೇ ಇರುವುದು ಆ ಬೆಳಕಿನಲ್ಲಿ ಓದುವ ನಮ್ಮೆಲ್ಲರ ಕೆಲಸ.